ಎಣ್ಣೆತೊಟ್ಟಿಯ ಬಿರಡೆ

ಸರಳ ಯಂತ್ರಗಳು ಆರು ಎಂದು ನಮ್ಮೂರಿನ ಕನ್ನಡ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು: ಸನ್ನೆ, ರಾಟೆ, ಗಾಲಿ ಮತ್ತು ಅಚ್ಚು, ಇಳಿಜಾರು, ಬೆಣೆ, ತಿರುಪು. ಮೊದಲಿನ ಐದಕ್ಕೂ ಊರಿನಲ್ಲಿಯೇ ಉದಾಹರಣೆಗಳಿದ್ದುವು. ಬಾವಿಗೆ ರಾಟೆ, ಎತ್ತಿನ ಗಾಡಿಗೆ ಅಚ್ಚು, ಸೌದೆ ಸೀಳಲು ಬೆಣೆ, ಬಂಡೆ ಮೀಟಲು ಹಾರೆ, ಲಾರಿಗೆ ತೆಂಗಿನಕಾಯಿಯ ಮೂಟೆ ಏರಿಸಲು ಓರೆಯಾಗಿಟ್ಟ ಹಲಗೆ. ತಿರುಪಿನ ಸರದಿ ಬಂದಾಗ ಮೇಷ್ಟ್ರು ಒಂದು ಕಾಗದವನ್ನು ತ್ರಿಕೋನವಾಗಿ ಕತ್ತರಿಸಿ ಪೆನ್ಸಿಲಿಗೆ ಸುತ್ತಿದರು. ಕಾಗದದ ಓರೆಯಾದ ಅಂಚು ಪೆನ್ಸಿಲಿನ ಮೈಮೇಲೆ ಸುರುಳಿಸುರುಳಿಯಾಗಿ ಏರಿತು. "ಇಷ್ಟೇ ಕಣ್ರೋ ತಿರುಪು, ಸುತ್ತಿಟ್ಟ ಇಳಿಜಾರು" ಎಂದರು. ಬಾಲಕ ಬಾಲಕಿಯರೆ, ನೀವೂ ಒಮ್ಮೆ ಮಾಡಿ ನೋಡಿರಿ, ಖರ್ಚಿಲ್ಲದ ಪ್ರಯೋಗ.

ಆ ತಿರುಪು ನನಗೆ ಮತ್ತೊಮ್ಮೆ ಪಾಠವಾದುದು 2023ರ ಚಳಿಗಾಲದಲ್ಲಿ, ಈ ದೆಹಲಿಯಲ್ಲಿ.

ನನ್ನ ಪತ್ನಿ ಕೇಂದ್ರ ಸರ್ಕಾರದ ಉದ್ಯೋಗಿಯಾದುದರಿಂದ ನಮ್ಮ ವಾಸ ಪೂರ್ವ ಕಿದ್ವಾಯಿ ನಗರದ ಸರ್ಕಾರಿ ವಸತಿಯಲ್ಲಿ. ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಹಿಂದೆ ತಗ್ಗಾದ ಹಳೆಯ ಮನೆಗಳಿದ್ದುವು. ಅವನ್ನು ಕೆಡವಿ ಈಗ ಎತ್ತರದ ಕಟ್ಟಡಗಳನ್ನು ಎಬ್ಬಿಸಿದ್ದಾರೆ, ಕಾರುಗಳಿಗೆ ನೆಲಮಾಳಿಗೆ. ಅಲ್ಲಿಯ ನೆಲ ನುಣುಪಾಗಿರುವುದರಿಂದಲೇ ನಮ್ಮ ಕಾರಿನ ಕೆಳಗೆ ಅಂಗೈಯಗಲದ ಕಪ್ಪು ಕಲೆ ಕಣ್ಣಿಗೆ ಬಿದ್ದಿತು. ಮಣ್ಣಿನ ಬೀದಿಯಾಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಊರಿನಿಂದ ಬಂದಿದ್ದ ನನ್ನ ತಾಯಿಯವರನ್ನು ಆ ಶನಿವಾರ ವೃಂದಾವನಕ್ಕೆ ಕರೆದೊಯ್ಯಬೇಕಾಗಿತ್ತು. ಮಂಡಿನೋವಿನ ಅವರನ್ನು ಬಸ್ಸು ಹತ್ತಿಸಿ ಇಳಿಸುವುದು ಸುಲಭವಲ್ಲ.

ಹತ್ತು ದಿನಗಳ ಹಿಂದಷ್ಟೆ ಕಾರಿಗೆ ಹೊಸ ಎಣ್ಣೆ ಹಾಕಿಸಿದ್ದೆನು. ಅದನ್ನು ಹಾಕಿದ ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಅಲ್ಲಿಯ ಹುಡುಗನೊಬ್ಬನು ಕಾರಿನ ಕೆಳಗೆ ಮಲಗಿ, ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆಯೊಂದನ್ನು ಸಿಕ್ಕಿಸಿ, ಬಿರಡೆಯನ್ನು ಬಿಗಿದುದನ್ನು ಕಂಡಿದ್ದೆನು. "ಇಷ್ಟು ಬೇಕೆ?" ಎಂದು ಕೇಳಿದುದಕ್ಕೆ "ಸೋರಬಾರದಲ್ಲ ಸಾರ್" ಎಂಬ ಉತ್ತರ ಬಂದಿತ್ತು.

ಈ ಬಿರಡೆಯ ವಿಚಾರವನ್ನು ಸ್ವಲ್ಪ ಹೇಳಬೇಕು. ಎತ್ತಿನ ಗಾಡಿಯ ಅಚ್ಚಿಗೆ ನಮ್ಮ ರೈತರು ಕೀಲೆಣ್ಣೆ ಹಾಕುವಂತೆ ಎಂಜಿನ್ನಿಗೂ ಎಣ್ಣೆ ಬೇಕು. ಚಿಕ್ಕ ಕಾರಿಗೆ ಸುಮಾರು ಮೂರು ಲೀಟರ್. ಅದು ಎಂಜಿನ್ನಿನ ಅಡಿಯ ತೊಟ್ಟಿಯೊಂದರಲ್ಲಿ ನಿಂತಿರುತ್ತದೆ. ಪಂಪೊಂದು ಅದನ್ನು ಮೇಲಕ್ಕೆತ್ತಿ ಉಜ್ಜಾಡುವ ಭಾಗಗಳಿಗೆಲ್ಲ ಉಣಿಸುತ್ತದೆ. ಹಳೆಯ ಎಣ್ಣೆಯನ್ನು ಹೊರಗೆ ಬಿಡಲು ತೊಟ್ಟಿಯ ತಳದಲ್ಲಿ ಒಂದು ತೂತು, ಅದನ್ನು ಮುಚ್ಚಲು ಹೆಬ್ಬೆರಳು ದಪ್ಪದ ಉಕ್ಕಿನ ಬಿರಡೆ. ಓಡುವಾಗ ಆ ಬಿರಡೆ ಕಳಚಿ ಬಿದ್ದರೆ ಎಣ್ಣೆಯೆಲ್ಲ ರಸ್ತೆಗೆ ಸುರಿದು, ಕೆಲವೇ ನಿಮಿಷಗಳಲ್ಲಿ ಎಂಜಿನ್ ಸುಟ್ಟು ಹಿಡಿದುಕೊಳ್ಳುವುದು. ಲಕ್ಷಾಂತರ ರೂಪಾಯಿಯ ಗಾಡಿಯ ಪ್ರಾಣ ಹೆಬ್ಬೆರಳು ದಪ್ಪದ ಬಿರಡೆಯಲ್ಲಿದೆ.

ಆ ಹುಡುಗನ ಕೊಳವೆ ಏನು ಮಾಡಿತೆಂಬುದನ್ನು ನೀವೇ ಲೆಕ್ಕ ಹಾಕಬಹುದು. ನಮ್ಮ ಕಾರಿನ ಬಿರಡೆಯ ವ್ಯಾಸ 14 ಮಿಲಿಮೀಟರ್. ಸುತ್ತಳತೆ ಆದುದರಿಂದ 44 ಮಿಲಿಮೀಟರ್. ಒಂದು ಸುತ್ತು ತಿರುಗಿದರೆ ಅದು ಮೇಲೇರುವುದು ಒಂದೂವರೆ ಮಿಲಿಮೀಟರ್ ಮಾತ್ರ. ಎಂದರೆ 44 ಹೆಜ್ಜೆ ನಡೆದು ಒಂದೂವರೆ ಹೆಜ್ಜೆ ಏರುವ ಇಳಿಜಾರು. ಅಷ್ಟು ನಯವಾದುದರಿಂದಲೇ ಸ್ವಲ್ಪ ಬಲವೂ ಬಹಳ ಬಿಗಿಯಾಗುತ್ತದೆ. ಬಲದ ದೊಡ್ಡ ಪಾಲನ್ನು ಘರ್ಷಣೆ ತಿಂದುಹಾಕುವುದು ನಿಜ. ಆದರೆ ತಿರುಪು ತಾನಾಗಿ ಬಿಚ್ಚಿಕೊಳ್ಳದಂತೆ ಕಾಯುವುದೂ ಆ ಘರ್ಷಣೆಯೇ. ಇಂಥ ಬಿರಡೆಗೆ ಸುಮಾರು 35 ನ್ಯೂಟನ್ ಮೀಟರ್ ಸಾಕು. ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 14 ಕಿಲೋಗ್ರಾಂ ತೂಗಿದಷ್ಟು. ಅದೇ ಕೈ ಒಂದು ಮೀಟರಿನ ಕೊಳವೆ ಹಿಡಿದರೆ ಬಿಗಿತ ನಾಲ್ಕರಷ್ಟು. ಬಿರಡೆ ಉಕ್ಕಿನದು, ತೊಟ್ಟಿ ಅಲ್ಯುಮಿನಿಯಮ್ಮಿನದು. ಯಾವುದು ಸೋಲಬೇಕೆಂಬುದು ಮೊದಲೇ ನಿಶ್ಚಯವಾದಂತೆ. ಇದೆಲ್ಲ ಬೇಕಾಗಿಯೂ ಇರಲಿಲ್ಲ. ಎಣ್ಣೆಯನ್ನು ತಡೆಯುವುದು ತಿರುಪಿನ ಬಿಗಿತವಲ್ಲ. ಬಿರಡೆಯ ತಲೆಯಡಿ ಕೂರುವ ಮೆತ್ತನೆಯ ಲೋಹದ ವಾಷರ್. ಪ್ರತಿಸಲವೂ ಹೊಸದನ್ನು ಹಾಕಬೇಕಾದ ಆ ಬಿಲ್ಲೆಯನ್ನು ಉಳಿಸಲು ಹೋಗಿ ಕೊಳವೆ ಹಿಡಿದಿದ್ದರು.

ಕಾರನ್ನು ನಿಧಾನವಾಗಿ ಕೋಟ್ಲಾ ಮುಬಾರಕ್‌ಪುರದ ಗಲ್ಲಿಯೊಂದಕ್ಕೆ ನಡೆಸಿದೆನು. ಕಿದ್ವಾಯಿ ನಗರದ ಪಕ್ಕದಲ್ಲಿಯೇ ಇರುವ ಈ ಹಳೆಯ ಹಳ್ಳಿಯನ್ನು ದೆಹಲಿ ನಾಲ್ಕೂ ಕಡೆಯಿಂದ ಸುತ್ತುವರಿದಿದೆ. ಅಲ್ಲಿ ಒಬ್ಬ ವೃದ್ಧ ಮೆಕ್ಯಾನಿಕ್ಕರಿದ್ದಾರೆ. ಗಲ್ಲಿಯವರಿಗೆಲ್ಲ ಅವರು 'ಉಸ್ತಾದ್'. ಕೆಳಗೆ ಬಾಣಲೆಯಿಟ್ಟು ಅವರು ಬಿರಡೆಯನ್ನು ಬಿಚ್ಚಿದರು. ಅದು ಬಿಚ್ಚಿಕೊಳ್ಳಲಿಲ್ಲ, ಕಿತ್ತುಕೊಂಡೇ ಬಂದಿತು. ಅದರ ಮೈಗೆ ಬೆಳ್ಳನೆಯ ಅಲ್ಯುಮಿನಿಯಮ್ಮಿನ ಎಳೆಯೊಂದು ಸ್ಪ್ರಿಂಗಿನಂತೆ ಸುತ್ತಿಕೊಂಡಿತ್ತು. ತೂತಿನೊಳಗೆ ಇರಬೇಕಾಗಿದ್ದ ಸುರುಳಿ ಅದು.

"ಚೂಡೀ ಮರ್ ಗಯೀ, ಮಾಸ್ಟರ್‌ಜೀ" ಎಂದರು ಉಸ್ತಾದರು.

ನಾನು ಭಾಷೆಯ ಉಪಾಧ್ಯಾಯ. ಕಾರನ್ನು ಮರೆತು ಆ ಮಾತಿನಲ್ಲಿ ನಿಂತೆನು. ಹಿಂದಿಯಲ್ಲಿ ತಿರುಪಿನ ಎಳೆಗೆ ಚೂಡಿ, ಎಂದರೆ ಬಳೆ, ಎನ್ನುತ್ತಾರೆ. ಕೈಗೆ ತೊಟ್ಟ ಬಳೆಗಳ ಸಾಲಿನಂತೆ ಕಾಣುವುದರಿಂದ ಬಂದ ಹೆಸರಿರಬೇಕು. ಅದು ಸವೆದರೆ 'ಬಳೆ ಸತ್ತಿತು'. ನಮ್ಮ ಅಜ್ಜಿ ಕೈಬಳೆ ಒಡೆದರೂ 'ಒಡೆಯಿತು' ಎನ್ನದೆ 'ಹೆಚ್ಚಿತು' ಎನ್ನುತ್ತಿದ್ದರು. ಇಲ್ಲಿ ನೇರವಾಗಿ ಸಾವನ್ನೇ ಸಾರುತ್ತಾರೆ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ 'ಥ್ರೆಡ್ ಹೋಯಿತು' ಎಂದು ಮುಗಿಸುವರು. ಅದಕ್ಕಿಂತ ಈ ಬಳೆಯ ಮಾತು ನನಗೆ ಹಿಡಿಸಿತು.

ಇನ್ನು ಉಪಾಯ. ಅಂಟು ಮೆತ್ತಿ ಸಾಗಹಾಕೋಣವೆಂದು ನೆರೆಯಲ್ಲಿದ್ದವನೊಬ್ಬನು ಹೇಳಿದನು. ಉಸ್ತಾದರು ಅವನ ಕಡೆಗೆ ತಿರುಗಿಯೂ ನೋಡಲಿಲ್ಲ. ತನ್ನ ಎಳೆಯನ್ನು ತಾನೇ ಕೊರೆದುಕೊಂಡು ಹೋಗುವ ತುಸು ದಪ್ಪದ ಬಿರಡೆಯೂ ದೊರೆಯುತ್ತದೆ. ಅದು ಸೊಟ್ಟಗೆ ಹೋದರೆ ತೊಟ್ಟಿಯೇ ಸೀಳೀತೆಂದು ಅದನ್ನೂ ಬಿಟ್ಟರು. ಹೊಸ ತೊಟ್ಟಿಯನ್ನೇ ಹಾಕಿಸಬಹುದಾಗಿತ್ತು. ಬೆಲೆ ನನ್ನ ಸಂಬಳದ ಐದನೆಯ ಒಂದು ಪಾಲು. ಕಾರಿಗೋ ಆಗಲೇ ಹನ್ನೆರಡು ವರ್ಷ. ದೆಹಲಿಯಲ್ಲಿ ಆಗ ಇದ್ದ ನಿಯಮದಂತೆ ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿ ರಸ್ತೆಗೆ ಇಳಿಯುವಂತಿರಲಿಲ್ಲ. ಸುಪ್ರೀಂ ಕೋರ್ಟು 2018ರಲ್ಲಿ ಆ ನಿರ್ಬಂಧವನ್ನು ಎತ್ತಿಹಿಡಿದಿತ್ತು. ಮೂರು ವರ್ಷದ ಆಯುಸ್ಸಿಗೆ ಅಷ್ಟು ಖರ್ಚೆ? ಉಸ್ತಾದರು ಒಂದು ಡಬ್ಬಿಯಿಂದ ತಂತಿಯ ಚಿಕ್ಕ ಸುರುಳಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಹೊಸ ಬಳೆ ತೊಡಿಸೋಣ."

ತುಕ್ಕು ಹಿಡಿಯದ ಉಕ್ಕಿನ ತಂತಿ ಅದು. ಅದರ ಅಡ್ಡಕೊಯ್ತ ದುಂಡಗಿಲ್ಲ, ವಜ್ರಾಕೃತಿ. ಹೀಗಾಗಿ ಸುರುಳಿಯ ಹೊರಗೂ ಎಳೆ, ಒಳಗೂ ಎಳೆ. ಎರಡನೆಯ ಮಹಾಯುದ್ಧದ ವಿಮಾನಗಳ ಹಗುರ ಲೋಹದ ಎಂಜಿನುಗಳಲ್ಲಿ ಇಂಥ ಸುರುಳಿಗಳು ಬಹಳವಾಗಿ ಬಳಕೆಯಾದುವು.

ಮೊದಲು ತೊಟ್ಟಿಯನ್ನೇ ಕಳಚಿ ಬೆಂಚಿಗೆ ತಂದರು. ಗಾಡಿಯಡಿಯಲ್ಲಿಯೇ ಕೊರೆದರೆ ಲೋಹದ ಚೂರು ಒಳಗೆ ಉಳಿದು ಎಂಜಿನ್ನನ್ನು ತಿಂದೀತೆಂಬ ಭಯ ಅವರಿಗೆ. ತೂತನ್ನು ಸುಮಾರು ಹದಿನಾಲ್ಕೂವರೆ ಮಿಲಿಮೀಟರಿಗೆ ಹಿಗ್ಗಿಸಿ, ಕೆಟ್ಟ ಲೋಹವನ್ನೆಲ್ಲ ತೆಗೆದರು. ಆಮೇಲೆ ಹೊಸ ಎಳೆ ಕೊರೆಯುವ ಟ್ಯಾಪನ್ನು ಇಟ್ಟು, ಮೂಲೆಮಟ್ಟ ಹಿಡಿದು, ಅದು ನೆಟ್ಟಗಿದೆಯೆ ಎಂದು ಎರಡು ಕಡೆಯಿಂದ ನೋಡಿದರು. ತಿರುಗಿಸುವ ಬಗೆಯನ್ನು ಕಂಡೇ ತಿಳಿಯಬೇಕು: ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಕತ್ತರಿಸಿದ ಚೂರು ಮುರಿದು ಬೀಳುತ್ತದೆ. ಬರಿಯ ಮುಂದೆಯೇ ನುಗ್ಗಿಸಿದರೆ ಚೂರು ಸಿಕ್ಕಿಕೊಂಡು ಟ್ಯಾಪೇ ಮುರಿಯುತ್ತದೆ. ಅವರ ಕೈಯಡಿಯ ಹುಡುಗನಿಗೆ ಹದಿನೆಂಟಿರಬಹುದು. ಅವನು ಅವಸರಪಟ್ಟು ಒಮ್ಮೆ ಹಿಡಿ ಹಾಕಿದಾಗ ಉಸ್ತಾದರು ಬೈಯಲಿಲ್ಲ. ಅವನ ಕೈಯ ಮೇಲೆ ತಮ್ಮ ಕೈಯಿಟ್ಟು ಎರಡು ಸುತ್ತು ಜೊತೆಯಲ್ಲಿ ತಿರುಗಿಸಿದರು. ನಾನು ಅಕ್ಷರ ತಿದ್ದಿದ್ದೂ ಹೀಗೆಯೇ.

ತಂತಿಸುರುಳಿ ತೂತಿಗಿಂತ ತುಸು ದೊಡ್ಡದು. ಅದರ ತುದಿಯ ಚಿಕ್ಕ ನಾಲಗೆಯನ್ನು ಹಿಡಿದು ಒಳಕ್ಕೆ ತಿರುಗಿಸಿದಾಗ ಅದು ಕುಗ್ಗಿ ಇಳಿಯುತ್ತದೆ. ಬಿಟ್ಟೊಡನೆ ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಬಳಿಕ ನಾಲಗೆಯನ್ನು ಮುರಿದು ಹಾಕಿದರು. ಹಳೆಯ ಬಿರಡೆಯೇ ಈಗ ಉಕ್ಕಿನ ಎಳೆಯಲ್ಲಿ ಸಲೀಸಾಗಿ ಬೆರಳಿನಿಂದಲೇ ಕುಳಿತಿತು.

ಎಲ್ಲಿಯೋ ಮಾಡಿದ ಬಿರಡೆಗೆ ಇನ್ನೆಲ್ಲಿಯೋ ಮಾಡಿದ ಸುರುಳಿ ಹೊಂದಿಕೊಂಡುದು ಸಣ್ಣ ಸಂಗತಿಯಲ್ಲ. ಹಿಂದೆ ಒಂದೊಂದು ಕಾರ್ಖಾನೆಗೂ ತನ್ನದೇ ತಿರುಪಿತ್ತು. ಒಂದರ ಮೊಳೆ ಇನ್ನೊಂದಕ್ಕೆ ಬಾರದು. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿ ಎಳೆಗಳ ಕೋನ 55 ಡಿಗ್ರಿ ಇರಬೇಕೆಂದೂ, ಇಷ್ಟು ದಪ್ಪಕ್ಕೆ ಇಷ್ಟೇ ಎಳೆಗಳೆಂದೂ ಒಂದು ಪದ್ಧತಿಯನ್ನು ಮುಂದಿಟ್ಟರು. ನಮ್ಮ ಕಾರಿನದು ಮೆಟ್ರಿಕ್ ತಿರುಪು, 60 ಡಿಗ್ರಿ. ಉಸ್ತಾದರಿಗೆ ಈ ಹೆಸರು ಹೇಳಿದೆನು. ಅವರು "ಒಳ್ಳೆಯ ಕಾರೀಗರನಿದ್ದಿರಬೇಕು" ಎಂದು ಕೆಲಸ ಮುಂದುವರಿಸಿದರು.

ತೊಟ್ಟಿಯನ್ನು ತೊಳೆದು, ಅಂಚಿಗೆ ಗ್ಯಾಸ್ಕೆಟ್ ಅಂಟು ಬಳಿದು, ಮೇಲೆ ಕೂರಿಸಿ, ಅದು ಗಟ್ಟಿಯಾಗಲೆಂದು ಒಂದು ರಾತ್ರಿ ಬಿಟ್ಟರು. ಶನಿವಾರಕ್ಕೆ ಒಂದೇ ದಿನವಿದೆಯೆಂದು ನಾನು ಒತ್ತಾಯಿಸಿದುದು ವ್ಯರ್ಥವಾಯಿತು. ಹಳೆಯ ಎಣ್ಣೆಯನ್ನು ಚರಂಡಿಗೆ ಬಿಡದೆ ಡಬ್ಬದಲ್ಲಿ ತುಂಬಿಟ್ಟರು. ಮರುದಿನ ಹೊಸ ವಾಷರ್ ಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಉದ್ದನೆಯ ಸ್ಪ್ಯಾನರೊಂದನ್ನು ಹೊರತೆಗೆದರು. ಅದರ ಹಿಡಿಯಲ್ಲಿ ಅಂಕಿಗಳಿದ್ದುವು; 35ಕ್ಕೆ ತಿರುಗಿಸಿಟ್ಟು ಬಿಗಿದರು. 'ಟಿಕ್' ಎಂದು ಒಂದು ಸದ್ದು. ಅಷ್ಟಕ್ಕೇ ಕೈ ತೆಗೆದುಬಿಟ್ಟರು. ಇನ್ನೂ ಒಂದು ಎಳೆತ ಎಳೆಯಬಾರದೆ ಎಂದು ಬಾಯಿಗೆ ಬಂದಿತ್ತು, ಕೇಳಲಿಲ್ಲ.

ಆ ರಾತ್ರಿ ನೆಲಮಾಳಿಗೆಯಲ್ಲಿ ಕಾರಿನಡಿ ಹಳೆಯ ವೃತ್ತಪತ್ರಿಕೆ ಹಾಸಿದೆನು. ಬೆಳಿಗ್ಗೆ ಅದರ ಮೇಲೆ ಒಂದು ಹನಿಯೂ ಇರಲಿಲ್ಲ. ಮಂಜು ತಿಳಿಯಾದ ಮೇಲೆ ಹೊರಟು, ಯಮುನಾ ಎಕ್ಸ್‌ಪ್ರೆಸ್ ದಾರಿ ಹಿಡಿದು, ಮಧ್ಯಾಹ್ನಕ್ಕೆ ವೃಂದಾವನ ಸೇರಿದೆವು. ಗಾಡಿ ನಿಲ್ಲಿಸಿದೊಡನೆ ನಾನು ಮಂಡಿಯೂರಿ ಅದರ ಅಡಿಯಲ್ಲಿ ಇಣುಕಿದೆನು. ಹಿಂದಿನಿಂದ ತಾಯಿಯವರು ಕೂಗಿ ಹೇಳಿದರು: "ದೇವಸ್ಥಾನ ಈ ಕಡೆ ಇದೆಯಲ್ಲೋ, ಮಗು!"