ಮಿಕ್ಕಿದ ಡಾಂಬರು

ಶನಿವಾರ ಬೆಳಗ್ಗೆ ಎಂಟಕ್ಕೇ ಕರೆಗಂಟೆ ಬಾರಿಸಿತು. ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ಫೋನು ಮಾಡದೆ ಬಾಗಿಲಿಗೆ ಬರುವವರು ಕಡಿಮೆ. ಆ ಮನೆಯ ಕನ್ನಡಿಗ ಗೃಹಸ್ಥ ಕಾಫಿ ಲೋಟ ಹಿಡಿದೇ ಹೋಗಿ ಬಾಗಿಲು ತೆಗೆದ. ಎದುರಿಗೆ ಟೋಪಿ ಹಾಕಿದ ಆಸಾಮಿ, ಅವನ ಹಿಂದೆ ಟ್ರಕ್ಕು. ಪಕ್ಕದ ಬೀದಿಯಲ್ಲಿ ಕೆಲಸ ಮುಗಿಯಿತಂತೆ, ಡಾಂಬರು ಮಿಕ್ಕಿದೆಯಂತೆ, ಅರ್ಧ ರೇಟಿಗೆ ಡ್ರೈವ್‌ವೇ ಹೊಸದು ಮಾಡಿಕೊಡುತ್ತಾನಂತೆ. ಆದರೆ ಇವತ್ತೇ ಆಗಬೇಕು, ನಗದೇ ಕೊಡಬೇಕು.

ಗೃಹಸ್ಥನಿಗೆ ಸಿಟ್ಟಿಗಿಂತ ನಗು ಬಂತು. ಮಿಕ್ಕಿದ ಉಪ್ಪಿಟ್ಟನ್ನು ಪಕ್ಕದ ಮನೆಗೆ ದಾಟಿಸಬಹುದು; ಡಾಂಬರನ್ನು? ಬಿಸಿ ಮಿಶ್ರಣ ಘಟಕದಿಂದ ಹೊರಡುವಾಗ ಅದರ ಬಿಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್. 80ರ ಆಸುಪಾಸಿಗೆ ಇಳಿಯಿತೋ, ಆಮೇಲೆ ರೋಲರ್ ಎಷ್ಟು ಓಡಿಸಿದರೂ ಅದು ಗಟ್ಟಿಯಾಗಿ ಕೂರುವುದಿಲ್ಲ. ಅಳತೆ ಹಾಕಿ ತರಿಸುವ ಮಾಲು ಅದು, ಮನೆಮನೆ ತಿರುಗಿ ಮಾರುವುದಲ್ಲ. ‘ಮಿಕ್ಕಿದ ಡಾಂಬರು’ ಅಮೆರಿಕದ ಗ್ರಾಹಕ ಸಂಸ್ಥೆಗಳು ಮತ್ತೆಮತ್ತೆ ಎಚ್ಚರಿಸುವ ಹಳೇ ಮೋಸ. ಟೋಪಿ ಹಾಕಿಕೊಂಡು ಬಂದವನು ಟೋಪಿ ಹಾಕಲೆಂದೇ ಬಂದಿದ್ದ.

ಕಿರಿಕಿರಿಯ ಮಾತೆಂದರೆ, ಹೋಗುವಾಗ ಅವನು ಬೆರಳು ತೋರಿಸಿ ಹೇಳಿದ್ದು ಸುಳ್ಳಾಗಿರಲಿಲ್ಲ. ಡ್ರೈವ್‌ವೇ ನಿಜಕ್ಕೂ ಒಡೆದಿತ್ತು. ಕಾಂಕ್ರೀಟಿನ ಒಂದು ಹಾಸು ಪಕ್ಕದ್ದಕ್ಕಿಂತ ಎರಡು ಬೆರಳು ಮೇಲೆದ್ದು, ಕಸದ ಡಬ್ಬಿಯ ಗಾಲಿ ವಾರವಾರ ಅಲ್ಲೇ ಎಡವುತ್ತಿತ್ತು. ಸಂಕ್ರಾಂತಿಗೆ ಹಾಕಿದ ರಂಗೋಲಿಯ ಎಳೆಯೊಂದು ಆ ಬಿರುಕಿಗೆ ಬಿದ್ದು ಆಚೆ ದಡದಲ್ಲಿ ಎದ್ದಿತ್ತು.

ಹಾಗಾಗಿ ಮೂರು ಕೊಟೇಷನ್ ಆಗಲೇ ಬಂದು ಬಿದ್ದಿದ್ದವು. ಯಾವುದನ್ನು ಹಾಕಿಸಬೇಕೆಂಬ ಚರ್ಚೆ ಬೇಗ ಮುಗಿಯುವಂಥದು. ಡಾಂಬರು ಅಗ್ಗ, ಆದರೆ 40 ಡಿಗ್ರಿಯ ಬೇಸಿಗೆಯಲ್ಲಿ ಮೆತ್ತಗಾಗುತ್ತದೆ. ಜಲ್ಲಿ ಚೆಲ್ಲಿದರೆ ಮನೆಮಾಲೀಕರ ಸಂಘ, ಅಂದರೆ ಎಚ್‌ಒಎ, ಸುಮ್ಮನಿರುವುದು ಅನುಮಾನ. ಒಂದಕ್ಕೊಂದು ಕೂಡುವ ಪೇವರ್ ಇಟ್ಟಿಗೆ ಚೆಂದ. ಕುಸಿದ ಕಡೆ ಕಿತ್ತು ಮರಳು ತುಂಬಿ ಮತ್ತೆ ಕೂರಿಸಬಹುದು. ಬೆಲೆ ಕೇಳಿದರೆ ಮಾತ್ರ ಎದೆ ಕುಸಿಯುತ್ತದೆ. ಕೊನೆಗೆ ಉಳಿಯುವುದು ಊರೆಲ್ಲ ಹಾಕಿಸುವ ಕಾಂಕ್ರೀಟೇ. ನಾಲ್ಕಂಗುಲ ದಪ್ಪ, ನಡುವೆ ಕಬ್ಬಿಣದ ಸರಳು. ಅದು ಒಡೆಯುವುದು ಖಂಡಿತವೆಂದು ಗೊತ್ತಿರುವುದರಿಂದಲೇ ಎಲ್ಲಿ ಒಡೆಯಬೇಕೆಂದು ಮೊದಲೇ ಗೆರೆ ಕೊಯ್ದು ತೋರಿಸಿರುತ್ತಾರೆ. ಕಾಂಕ್ರೀಟು ಕೆಲವೊಮ್ಮೆ ಆ ಮಾತು ಕೇಳುತ್ತದೆ.

ಗುತ್ತಿಗೆದಾರನ ವಿಷಯ ಇನ್ನೂ ಮಜಾ. ಟೆಕ್ಸಾಸ್‌ನಲ್ಲಿ ಪ್ಲಂಬರಿಗೆ ರಾಜ್ಯದ ಲೈಸೆನ್ಸ್ ಬೇಕು, ಎಲೆಕ್ಟ್ರಿಷಿಯನ್ನಿಗೂ ಬೇಕು. ಕಾಂಕ್ರೀಟು ಸುರಿಯುವವನಿಗೆ ರಾಜ್ಯ ಅಂಥದ್ದೇನೂ ಕೇಳುವುದಿಲ್ಲ. ವಿಮೆ ಇದೆಯೇ, ಹಿಂದೆ ಮಾಡಿದ ಕೆಲಸ ಐದು ವರ್ಷವಾದ ಮೇಲೆ ಹೇಗಿದೆ ಎಂದು ಮನೆಯವರೇ ವಿಚಾರಿಸಬೇಕು. ಈ ಗೃಹಸ್ಥನ ಕೈಲಿದ್ದ ಒಂದು ಕೊಟೇಷನ್ನಿನಲ್ಲಿ ಒಂಬತ್ತು ಬಣ್ಣಗಳ ಪಟ್ಟಿಯಿತ್ತು. ಅಡಿಯ ಮಣ್ಣಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಮಣ್ಣು ಎಂಥದೆಂದು ಕಂಡುಹಿಡಿದದ್ದು ಅವನಲ್ಲ, ನರಗುಂದದ ಕಡೆಯಿಂದ ಆರು ತಿಂಗಳಿಗೆಂದು ಬಂದಿದ್ದ ಅವನ ತಂದೆ. ಮುದುಕರು ಬಿರುಕಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒಂದು ಹೆಂಟೆ ಕಿತ್ತು ಪುಡಿ ಮಾಡಿ ನೋಡಿದರು.

“ತಮ್ಮಾ, ಇದು ನಮ್ಮ ಎರೀನ ಐತಲ್ಲೋ! ಮ್ಯಾಲ ಏನರ ಹಾಸು, ಕೆಳಗಿಂದು ಸುಮ್ನ ಕುಂಡ್ರಬೇಕಲ್ಲ?”

ಕೊಟೇಷನ್ ಬರೆದ ಮೂವರಿಗೂ ಹೊಳೆಯದ, ಅಥವಾ ಹೊಳೆದರೂ ಹೇಳದ ಮಾತು ಅದು. ಡಲ್ಲಾಸ್‌ನ ಉತ್ತರದಿಂದ ಸ್ಯಾನ್ ಆಂಟೋನಿಯೋವರೆಗೆ ಹರಡಿರುವ ‘ಹ್ಯೂಸ್ಟನ್ ಬ್ಲ್ಯಾಕ್’ ಎಂಬ ಕರಿಮಣ್ಣೂ, ನರಗುಂದ-ನವಲಗುಂದದ ಎರೆಯೂ ಮಣ್ಣುಶಾಸ್ತ್ರದ ಪ್ರಕಾರ ಒಂದೇ ಕುಲದವು: ವರ್ಟಿಸಾಲ್. ಲ್ಯಾಟಿನ್‌ನಲ್ಲಿ ‘ತಿರುವು’ ಎಂಬರ್ಥದ ಮಾತಿನಿಂದ ಬಂದ ಹೆಸರು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮೇಲಿನ ಮಣ್ಣು ಆ ಬಾಯಿಗೆ ಬೀಳುತ್ತದೆ. ಮಳೆ ಬಂದಾಗ ಉಬ್ಬಿ ಎಲ್ಲವನ್ನೂ ಮಗುಚುತ್ತದೆ. ತನ್ನನ್ನು ತಾನೇ ಉಳುವ ಮಣ್ಣು. ಅದರ ಬೆನ್ನ ಮೇಲೆ ನಾಲ್ಕಂಗುಲದ ಕಾಂಕ್ರೀಟು ಎಂದರೆ ಎಮ್ಮೆಯ ಬೆನ್ನಿನ ಮೇಲಿಟ್ಟ ಹಪ್ಪಳ.

ಉಪಾಯವೂ ಎರಡೂ ದೇಶದಲ್ಲಿ ಹೆಚ್ಚುಕಡಿಮೆ ಒಂದೇ. ಎರೆಯ ಊರಿನವರು ಮನೆ ಕಟ್ಟುವಾಗ ಕರಿಮಣ್ಣು ತೆಗೆದು ಗರಸು ತುಂಬಿ ಬಡಿಯುತ್ತಾರೆ. ಮಲಪ್ರಭಾ ಕಾಲುವೆ ಇಂಥದೇ ನೆಲದಲ್ಲಿ ಹಾಯಬೇಕಾದಾಗ ಕೈಹಿಡಿದದ್ದು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರ ಸಂಶೋಧನೆ, ಅಂದರೆ ಉಬ್ಬದ ಅಂಟುಮಣ್ಣಿನ ಒಂದು ಪದರ. ಟೆಕ್ಸಾಸ್‌ನವರು ಸುಣ್ಣ ಬೆರೆಸುತ್ತಾರೆ. ಸುಣ್ಣದ ಕ್ಯಾಲ್ಸಿಯಂ ಜೇಡಿಯ ದಾಹ ತಗ್ಗಿಸುತ್ತದೆ. ಕಾಪೆಲ್‌ನ ಮಗ್ಗುಲಿಗೇ 1974ರಲ್ಲಿ ಶುರುವಾದ ದೊಡ್ಡ ವಿಮಾನ ನಿಲ್ದಾಣದ ಅಡಿಯ ನೆಲಕ್ಕೂ ಸುಣ್ಣ ತಿನ್ನಿಸಿದ್ದಾರೆ. ಇದನ್ನು ಕೇಳಿ, ಎಲೆಗೆ ಸುಣ್ಣ ಹಚ್ಚುತ್ತಿದ್ದ ತಂದೆ ಒಂದು ಕ್ಷಣ ಬೆರಳನ್ನೇ ನೋಡಿಕೊಂಡರು.

ಅವರಿಗೆ ಅರಗದಿದ್ದದ್ದು ಇನ್ನೊಂದು. ಬೇಸಿಗೆಯಲ್ಲಿ ಇಲ್ಲಿನ ಮಂದಿ ಮನೆಯ ಸುತ್ತ ತೂತಿನ ಪೈಪು ಹಾಸಿ ತಳಪಾಯಕ್ಕೆ ನೀರುಣಿಸುತ್ತಾರೆ. ಮಣ್ಣು ಒಣಗಿ ಹಿಂದೆ ಸರಿಯದಿರಲಿ ಎಂದು. “ಮನಿಗೂ ನೀರು ಹಾಯಿಸ್ತೀರೇನು? ಏನು ಫಸಲು ಬರತೈತಿ?”

ಫಸಲಿನ ಮಾತು ಬಂದದ್ದೇ ಡ್ರೈವ್‌ವೇ ಹಿಂದೆ ಬಿತ್ತು. ಈ ಮಣ್ಣಲ್ಲಿ ಹತ್ತಿ ಬೆಳೆದಿರಲೇಬೇಕು ಎಂದರು ತಂದೆ. ಸರಿಯೇ. ಕಾಪೆಲ್ ಊರೊಳಗೆ ಹಾಯುವ ಹಳೇ ರೈಲುಮಾರ್ಗಕ್ಕೆ ‘ಕಾಟನ್ ಬೆಲ್ಟ್’ ಎಂದೇ ಹೆಸರು. ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ, ಹುಬ್ಬಳ್ಳಿ ಬಳಿಯ ಕುಸುಗಲ್‌ನಲ್ಲಿ ಪ್ರಯೋಗದ ಹೊಲ ಮಾಡಿಸಿತು. ನ್ಯೂ ಆರ್ಲಿಯನ್ಸ್ ಬೀಜ ದೇಶದ ಬೇರೆ ಎಷ್ಟೋ ಕಡೆ ಸೋತಿತು, ಧಾರವಾಡದ ಎರೆಯಲ್ಲಿ ಒಗ್ಗಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಲ್ಲಿ ಅದು ಪೇಟೆಗೆ ಹೋಯಿತು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ನಿಂತು, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ನೂರೆಂಬತ್ತು ವರ್ಷದ ಹಿಂದೆ ಅವರ ಬೀಜ ನಮ್ಮ ಎರೆಗೆ ಬಂದಿತ್ತು. ಈಗ ನಮ್ಮ ಹುಡುಗರು ಅವರ ಎರೆಗೆ ಬಂದು ಮೂವತ್ತು ವರ್ಷದ ಸಾಲ ಮಾಡಿದ್ದಾರೆ.

ಮಧ್ಯಾಹ್ನ ಗೃಹಸ್ಥ ಮೂವರು ಗುತ್ತಿಗೆದಾರರಿಗೂ ಫೋನು ಮಾಡಿ ಸುಣ್ಣದ ಪ್ರಶ್ನೆ ಕೇಳಿದ. ಒಬ್ಬ ಎತ್ತಲಿಲ್ಲ, ಒಬ್ಬ ಬಣ್ಣದ ಮಾತಿಗೇ ತಿರುಗಿದ. ಮೂರನೆಯವನು ಸ್ವಲ್ಪ ತಡೆದು, ಕೇಳಿದ್ದಕ್ಕೆ ಸಂತೋಷಪಟ್ಟವನಂತೆ, ಸೋಮವಾರ ಬಂದು ಅಗೆದು ನೋಡುತ್ತೇನೆ ಎಂದ.

ಅಷ್ಟರಲ್ಲಿ ತಂದೆಗೆ ಬೇರೆ ಚಿಂತೆ ಹತ್ತಿತ್ತು. ಅಮೆರಿಕದಲ್ಲಿ ಜೋಳ ಹೆಚ್ಚು ಬೆಳೆಯುವ ರಾಜ್ಯಗಳಲ್ಲಿ ಕ್ಯಾನ್ಸಾಸ್ ಬಿಟ್ಟರೆ ಟೆಕ್ಸಾಸೇ ಎಂದು ಮೊಮ್ಮಗಳು ಹೇಳಿಬಿಟ್ಟಿದ್ದಳು. ಹೇಗೂ ಅಗೆಯುತ್ತಾರಲ್ಲ, ಬದಿಗೆ ಎರಡು ಸಾಲು ಬಿಳಿಜೋಳ ಯಾಕಾಗಬಾರದು? ಗೃಹಸ್ಥ ಎಚ್‌ಒಎ ನಿಯಮಾವಳಿ ತೆಗೆದು ಕೂತ. ಹುಲ್ಲು ಎಷ್ಟು ಎತ್ತರ ಇರಬೇಕು, ಬೇಲಿಗೆ ಯಾವ ಬಣ್ಣ, ಕಸದ ಡಬ್ಬಿ ಎಷ್ಟು ಹೊತ್ತಿಗೆ ಒಳಗೆ ಹೋಗಬೇಕು, ಎಲ್ಲ ಇತ್ತು. ಜೋಳದ ಸುದ್ದಿಗೆ ಇನ್ನೂ ಬಂದಿರಲಿಲ್ಲ.