ಬೇಥಾನ್ಯದ ಇಬ್ಬರು ಸಹೋದರಿಯರು

ಕ್ರೈಸ್ತ ಸಿದ್ಧಾಂತವೆಂದರೆ ದೇವರು, ಮನುಷ್ಯ, ಪಾಪ, ಕೃಪೆ, ಪುನರುತ್ಥಾನ ಮೊದಲಾದ ವಿಷಯಗಳಲ್ಲಿ ಸಭೆಯು ಬೈಬಲಿನ ಆಧಾರದ ಮೇಲೆ ಒಪ್ಪಿಕೊಂಡು ಶತಮಾನಗಳಿಂದ ಕಲಿಸುತ್ತ ಬಂದಿರುವ ಬೋಧನೆ. ಸಭಾಪಾಲನೆಯೆಂದರೆ ಆ ಬೋಧನೆಯನ್ನು ನಂಬಿದ ಜನರ ಮದುವೆ, ಕಾಯಿಲೆ, ಸಾಲ, ಜಗಳ, ಸಾವುಗಳ ನಡುವೆ ಅವರ ಆತ್ಮದ ಯೋಗಕ್ಷೇಮವನ್ನು ನೋಡಿಕೊಳ್ಳುವ ಕೆಲಸ. ಮೊದಲನೆಯದನ್ನು ದೇವಶಾಸ್ತ್ರದ ಕಾಲೇಜಿನಲ್ಲಿ ಚೆನ್ನಾಗಿ ಕಲಿತರೆ ಎರಡನೆಯದು ತಾನಾಗಿಯೇ ಒದಗಿ ಬರುತ್ತದೆಂಬ ನಂಬಿಕೆ ಬಹಳ ಕಡೆ ಇದೆ. ಆದರೆ ಒಬ್ಬರಿಗೆ ಸಾಂತ್ವನ ಕೊಟ್ಟ ಸಿದ್ಧಾಂತವೇ ಇನ್ನೊಬ್ಬರಿಗೆ ಪೆಟ್ಟಾಗಿ ಬೀಳುವುದುಂಟಾದ್ದರಿಂದ, ಎದುರಿಗೆ ಕುಳಿತವರನ್ನು ಅರಿಯದ ಸಭಾಪಾಲಕರಿಗೆ ತಾವು ಕಲಿತ ಸಿದ್ಧಾಂತವೂ ಅರ್ಧದಷ್ಟೇ ತಿಳಿದಿರುತ್ತದೆ ಎನ್ನಬೇಕಾಗುತ್ತದೆ.

ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯ ಇದನ್ನು ಬಿಡಿಸಿ ತೋರಿಸುತ್ತದೆ. ಬೇಥಾನ್ಯದ ಲಾಜರನು ತೀರಿಕೊಂಡು ನಾಲ್ಕು ದಿನಗಳಾದ ಮೇಲೆ ಯೇಸು ಆ ಊರಿನ ಹತ್ತಿರ ಬರುತ್ತಾನೆ. ಲಾಜರನ ಅಕ್ಕತಂಗಿಯರಲ್ಲಿ ಮೊದಲು ಎದುರುಗೊಳ್ಳುವವಳು ಮಾರ್ಥ. ನೀನು ಇಲ್ಲಿ ಇದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲವೆಂಬುದು ಅವಳ ಮಾತು. ಸ್ವಲ್ಪ ಹೊತ್ತಿನ ನಂತರ ಬರುವ ಮರಿಯಳು ಅವನ ಪಾದಕ್ಕೆ ಬಿದ್ದು ಹೇಳುವುದೂ ಅದೇ ಮಾತು. ಸಾವು ಒಂದೇ, ಮನೆ ಒಂದೇ, ದೂರೂ ಒಂದೇ. ಆದರೂ ಮಾರ್ಥಳಿಗೆ ಸಿಗುವುದು ಪುನರುತ್ಥಾನದ ಬೋಧನೆ, ಅಂದರೆ ಸತ್ತವರು ದೇವರ ಶಕ್ತಿಯಿಂದ ಮತ್ತೆ ಎಬ್ಬಿಸಲ್ಪಡುವರೆಂಬ, ಕ್ರೈಸ್ತ ವಿಶ್ವಾಸದ ತಳಹದಿಯೇ ಆಗಿರುವ ಸಿದ್ಧಾಂತ. ಮರಿಯಳಿಗೆ ಯಾವ ಬೋಧನೆಯೂ ಸಿಗುವುದಿಲ್ಲ, ಅವಳು ಅಳುವುದನ್ನು ಕಂಡು ಯೇಸುವೂ ಕಣ್ಣೀರು ಬಿಡುತ್ತಾನೆ. ಮಾರ್ಥಳು ವಾದಿಸಿ, ಕೇಳಿ, ತಿಳಿದು ನಿಲ್ಲಬಲ್ಲ ಸ್ಥಿತಿಯಲ್ಲಿದ್ದಳು, ಮರಿಯಳು ಇರಲಿಲ್ಲ. ಪುನರುತ್ಥಾನವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಆ ಹೊತ್ತಿನಲ್ಲಿ ಅವಳೆದುರು ಅದರ ಹೆಸರೆತ್ತಲಿಲ್ಲವೆಂಬುದನ್ನು ಸಾವಿನ ಮನೆಗೆ ಹೋಗುವ ಪ್ರತಿಯೊಬ್ಬ ಪಾಲಕರೂ ನಿಧಾನವಾಗಿ ಯೋಚಿಸಬೇಕು.

ಇದಕ್ಕೆ ವಿರುದ್ಧವಾದ ಉದಾಹರಣೆ ಯೋಬನ ಗ್ರಂಥದಲ್ಲಿದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನನ್ನು ಕಾಣಲು ಬಂದ ಮೂವರು ಸ್ನೇಹಿತರು ಏಳು ಹಗಲು ಏಳು ರಾತ್ರಿ ಮಾತಾಡದೆ ನೆಲದ ಮೇಲೆ ಅವನ ಜೊತೆ ಕುಳಿತಿದ್ದರು, ಮತ್ತು ಆ ಇಡೀ ಗ್ರಂಥದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಅವರು ಆಡಿದ್ದೆಲ್ಲ ಸುಳ್ಳೂ ಆಗಿರಲಿಲ್ಲ. ಅವರಲ್ಲಿ ಒಬ್ಬನಾದ ಎಲೀಫಜನ ಒಂದು ಮಾತನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಶಾಸ್ತ್ರವಾಕ್ಯವೆಂದೇ ಉದ್ಧರಿಸುತ್ತಾನೆ. ಆದರೂ ಕೊನೆಯಲ್ಲಿ ದೇವರ ಕೋಪ ಬೀಳುವುದು ಹೆಸರು ಹಿಡಿದು ಅದೇ ಎಲೀಫಜನ ಮೇಲೆ. ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ, ಅವಳು ಇನ್ನೂ ನೀರು ಕುಡಿಯುವ ಮೊದಲೇ, ಎಲ್ಲವೂ ದೇವರ ಚಿತ್ತವೆಂದು ಹೇಳಿ ಪ್ರಾರ್ಥನೆ ಮುಗಿಸಿ ಎದ್ದು ಹೋಗುವವರು ಲೋಕವೆಲ್ಲ ದೇವರ ಪರಾಮರಿಕೆಯಲ್ಲಿದೆ ಎಂಬ ಸತ್ಯವಾದ ಸಿದ್ಧಾಂತದಿಂದಲೇ ಆ ತಾಯಿಯನ್ನು ಗಾಯಗೊಳಿಸುತ್ತಾರೆ.

ಈ ವಿವೇಚನೆಯನ್ನು ಸಭೆಯ ಹಿರಿಯರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. 590ರಲ್ಲಿ ರೋಮಿನ ಪೋಪರಾದ ಮಹಾ ಗ್ರೆಗರಿ ಪಾಲಕರ ಕರ್ತವ್ಯವನ್ನು ಕುರಿತು ರಚಿಸಿದ ಗ್ರಂಥದ ಮೂರನೆಯ ಭಾಗದಲ್ಲಿ ಬಡವರು ಮತ್ತು ಸಿರಿವಂತರು, ಸಂತೋಷದಲ್ಲಿರುವವರು ಮತ್ತು ದುಃಖದಲ್ಲಿರುವವರು, ಹೀಗೆ 30ಕ್ಕೂ ಹೆಚ್ಚು ಜೋಡಿಗಳನ್ನು ಮಾಡಿ ಪ್ರತಿಯೊಂದಕ್ಕೂ ಬೇರೆ ರೀತಿಯಲ್ಲಿ ಬುದ್ಧಿ ಹೇಳಬೇಕೆಂದು ವಿವರಿಸಿದರು. ಒಂದು ರೋಗವನ್ನು ತಗ್ಗಿಸುವ ಔಷಧಿ ಇನ್ನೊಂದನ್ನು ಹೆಚ್ಚಿಸಬಹುದೆಂಬುದು ಅವರು ಕೊಟ್ಟ ಕಾರಣ.

ಇದನ್ನು ಒಂದು ಊರಿನ ದಿನಚರಿಯಾಗಿ ಮಾಡಿ ತೋರಿಸಿದವರು 17ನೆಯ ಶತಮಾನದ ರಿಚರ್ಡ್ ಬಾಕ್ಸ್ಟರ್. ಇಂಗ್ಲೆಂಡಿನ ಕಿಡರ್‌ಮಿನ್ಸ್ಟರ್ ಎಂಬ ನೇಕಾರರ ಊರಿನಲ್ಲಿ ಸಭಾಪಾಲಕರಾಗಿದ್ದ ಅವರು 1656ರಲ್ಲಿ ಪ್ರಕಟಿಸಿದ ಪಾಲಕರನ್ನು ಕುರಿತ ಗ್ರಂಥದಲ್ಲಿ ತಮ್ಮ ಕ್ರಮವನ್ನು ವಿವರಿಸಿದ್ದಾರೆ. ಸೋಮವಾರ ಮತ್ತು ಮಂಗಳವಾರ ಬೆಳಗಿನಿಂದ ಹೆಚ್ಚುಕಡಿಮೆ ರಾತ್ರಿಯವರೆಗೆ ಅವರೂ ಅವರ ಸಹಾಯಕರೂ ವಾರಕ್ಕೆ 15–16 ಕುಟುಂಬಗಳನ್ನು ಒಂದೊಂದಾಗಿ ಕಾಣುತ್ತಿದ್ದರು. ಹಾಗೆ ವರ್ಷಕ್ಕೊಮ್ಮೆ 800ಕ್ಕೂ ಹೆಚ್ಚು ಕುಟುಂಬಗಳ ಇಡೀ ಸಭೆಯನ್ನು ಸುತ್ತಿ ಬರುವುದು ಅವರ ಲೆಕ್ಕಾಚಾರ. ಮನೆಯವರು ಮೊದಲು ಪ್ರಶ್ನೋತ್ತರಮಾಲೆಯನ್ನು, ಎಂದರೆ ಮೂಲ ಸಿದ್ಧಾಂತಗಳನ್ನು ಪ್ರಶ್ನೆ ಮತ್ತು ಉತ್ತರಗಳ ರೂಪದಲ್ಲಿ ಕಲಿಸುವ ಚಿಕ್ಕ ಪುಸ್ತಕವನ್ನು, ಒಪ್ಪಿಸಬೇಕಾಗಿತ್ತು. ಆಮೇಲೆ ಅದರ ಅರ್ಥವನ್ನು ಕುರಿತ ಮಾತು, ಕೊನೆಗೆ ಅವರವರ ಬದುಕಿನ ವಿಚಾರ. ಒಂದು ಕುಟುಂಬಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಹೊರಗಿನವರು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನಾಚಿಕೆಯಿಂದ ಮಾತು ಕಟ್ಟಬಾರದು, ಒಬ್ಬರ ಕುಂದುಕೊರತೆ ಇನ್ನೊಬ್ಬರ ಬಾಯಿಗೆ ಬೀಳಬಾರದು ಎಂಬುದು ಅದರ ಉದ್ದೇಶ. ಹತ್ತು ವರ್ಷ ಪ್ರಸಂಗ ಕೇಳಿಯೂ ಏನೂ ಹತ್ತದ ಕೆಲವರಿಗೆ ಅರ್ಧ ಗಂಟೆಯ ನೇರ ಮಾತುಕತೆಯಲ್ಲಿ ಹೆಚ್ಚು ತಿಳಿಯಿತೆಂದು ಅವರು ಬರೆದಿರುವುದು, ಪ್ರಸಂಗವನ್ನು ಬಹಳ ಪ್ರೀತಿಸಿದ ಪ್ರಸಂಗಕಾರರೇ ಒಪ್ಪಿಕೊಂಡ ಸಂಗತಿಯಾದ್ದರಿಂದ, ಹೆಚ್ಚಿನ ತೂಕವುಳ್ಳದ್ದು. ಮಗ್ಗದ ಮುಂದೆ ನಿಂತು ನೇಯುವವರು ಎದುರಿಗೆ ಪುಸ್ತಕ ತೆರೆದಿಟ್ಟುಕೊಂಡು ಓದಬಲ್ಲರು ಎಂಬುದನ್ನೂ ಅವರು ಗಮನಿಸಿದ್ದರು. ತಮ್ಮ ಜನರ ಕೈಕೆಲಸದ ಲಯವನ್ನು ಅಷ್ಟು ಹತ್ತಿರದಿಂದ ನೋಡಿದವರಿಗೆ ಅವರ ಮನಸ್ಸಿನೊಳಕ್ಕೆ ದಾರಿ ಸಿಕ್ಕಿದ್ದು ಆಶ್ಚರ್ಯವಲ್ಲ.

ಕ್ಷಮೆಯ ಸಿದ್ಧಾಂತದ ವಿಷಯದಲ್ಲಿ ಈ ಹತ್ತಿರದ ಅರಿವಿಲ್ಲದಿದ್ದರೆ ಆಗುವ ಹಾನಿ ಎಲ್ಲಕ್ಕಿಂತ ದೊಡ್ಡದು. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ ಹೆಂಡತಿ ಹೇಳಿಕೊಂಡಾಗ ಅವಳಿಗೆ ಕ್ಷಮಿಸುವಂತೆಯೂ ತಾಳಿಕೊಳ್ಳುವಂತೆಯೂ ಬೋಧಿಸಿ ಕಳುಹಿಸಿ, ಮುಂದಿನ ಭಾನುವಾರ ಆ ಗಂಡನಿಗೆ ಒಂದು ಮಾತನ್ನೂ ಕೇಳದೆ ಕರ್ತನ ಭೋಜನದ ರೊಟ್ಟಿಯನ್ನು ಕೈಗೆ ಕೊಡುವುದು ಘೋರ ಅನ್ಯಾಯ. ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಯೇಸು ಕ್ಷಮೆಯ ಮಾತಿಗಿಂತ ಮೊದಲು ತಪ್ಪು ಮಾಡಿದವನನ್ನು ಗದರಿಸುವ ಮಾತನ್ನೂ ಅವನ ಪಶ್ಚಾತ್ತಾಪದ ಮಾತನ್ನೂ ಇಟ್ಟಿದ್ದಾನೆ. ಅದೇ ಸುವಾರ್ತೆಯ ಸುಂಕದವನಾದ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾಗುತ್ತಾನೆ. ಹೊಡೆತ ತಿಂದವಳಿಗೆ ಮೊದಲು ಬೇಕಾದದ್ದು ರಕ್ಷಣೆ, ಹೊಡೆದವನಿಗೆ ಬೇಕಾದದ್ದು ಪಶ್ಚಾತ್ತಾಪದ ಬೋಧನೆ. ಇಬ್ಬರಿಗೂ ಒಂದೇ ಪ್ರಸಂಗ ಮಾಡಿದವರು ಗಂಡನ ಪಕ್ಷ ವಹಿಸಿದಂತೆಯೇ ಆಯಿತು.

ಕರ್ನಾಟಕದ ಸಭೆಗಳ ಚರಿತ್ರೆಯಲ್ಲಿಯೂ ಜನರ ಸ್ಥಿತಿಯನ್ನು ಅರಿತು ಬೋಧಿಸುವ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕಂಡದ್ದು, ಹೊಸ ವಿಶ್ವಾಸವನ್ನು ಒಪ್ಪಿದವರಲ್ಲಿ ಅನೇಕರು ಜಾತಿಯಿಂದ ಹೊರಬಿದ್ದು ಕಸುಬನ್ನೂ ಆಸರೆಯನ್ನೂ ಕಳೆದುಕೊಂಡದ್ದನ್ನು. ಕೃಪೆಯ ಬೋಧನೆಯ ಜೊತೆಗೆ ಅನ್ನದ ದಾರಿಯೂ ಆಗಬೇಕೆಂದು ನೇಯ್ಗೆಯ ಕೆಲಸ ಪ್ರಾರಂಭವಾಯಿತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ನೆರೆಯವರನ್ನು ಪ್ರೀತಿಸಬೇಕೆಂಬ ಸಿದ್ಧಾಂತ ಕೆಂಪು ಹಂಚಿನ ರೂಪದಲ್ಲಿ ಕರಾವಳಿಯ ಮಾಡುಗಳ ಮೇಲೆ ಕುಳಿತದ್ದು ನಿಜವಾಗಿಯೂ ಗೌರವಿಸಬೇಕಾದ ಸಂಗತಿ. ಆದರೆ ಕೂಲಿ ಕೊಡುವ ಮಿಷನ್ನಿಗೇ ಆತ್ಮಗಳ ಪಾಲನೆಯೂ ಸೇರಿದ್ದಾಗ, ಕೆಲಸಗಾರನು ತನ್ನ ಸಂಶಯವನ್ನೂ ಸಿಟ್ಟನ್ನೂ ಪಾದ್ರಿಗಳ ಮುಂದೆ ಎಷ್ಟರ ಮಟ್ಟಿಗೆ ತೆರೆದಿಡಬಲ್ಲನು ಎಂಬ ಪ್ರಶ್ನೆಯನ್ನು ಆ ಗೌರವದ ನಡುವೆಯೂ ಕೇಳಲೇಬೇಕಾಗುತ್ತದೆ.

ಇಂದಿನ ಸಭಾಪಾಲಕರ ಹೆಚ್ಚಿನ ಸಮಯ ಆಡಳಿತದ ಸಭೆಗಳಲ್ಲಿ, ಕಟ್ಟಡದ ಚಂದಾ ಎತ್ತುವುದರಲ್ಲಿ, ಆಸ್ತಿಯ ಕಾಗದಪತ್ರಗಳಲ್ಲಿ ಹೋಗಿ, ಮನೆಭೇಟಿ ಹಬ್ಬದ ಮೊದಲಿನ ಹತ್ತು ನಿಮಿಷದ ಪ್ರಾರ್ಥನೆಗೆ ಇಳಿದಿರುವುದು ಹಲವು ಸಭೆಗಳ ಸ್ಥಿತಿ. ಯೆರೂಸಲೇಮಿನ ಮೊದಲ ಸಭೆಯಲ್ಲಿ ವಿಧವೆಯರಿಗೆ ಊಟ ಹಂಚುವ ವಿಷಯದಲ್ಲಿ ಗೊಣಗಾಟ ಹುಟ್ಟಿದಾಗ ಅಪೊಸ್ತಲರು ಸಭೆಯಿಂದಲೇ ಏಳು ಮಂದಿಯನ್ನು ಆರಿಸಿಸಿ ಆ ಕೆಲಸವನ್ನು ಅವರಿಗೆ ವಹಿಸಿದರೆಂದು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ ಹೇಳುತ್ತದೆ. ಲೆಕ್ಕಪತ್ರ ಬಲ್ಲ, ಕಾನೂನು ಬಲ್ಲ ಸಭಿಕರು ಇಂದು ಹಲವು ಸಭೆಗಳಲ್ಲಿ ಇದ್ದಾರೆ. ಸಭಾಸಮಿತಿಗಳು ಆ ಹೊರೆಯನ್ನು ಅವರಿಗೆ ಹಂಚಿ, ವಾರದಲ್ಲಿ ಎರಡು ದಿನವನ್ನಾದರೂ ತಮ್ಮ ಪಾಲಕರಿಗೆ ಮನೆಗಳಿಗಾಗಿ ಬಿಟ್ಟುಕೊಡಲಿ. ಆ ಎರಡು ದಿನಗಳನ್ನು ಬೇರೆ ಯಾವ ಕೆಲಸಕ್ಕೂ ಬಳಸದಿರುವ ನಿಶ್ಚಯವನ್ನು ಪಾಲಕರೂ ಮಾಡಲಿ.