ಕೊರಡಿನ ಕೊರಳು

ಸಂಗೀತಶಾಸ್ತ್ರದಲ್ಲಿ ನನಗೆ ಪರಿಶ್ರಮವಿಲ್ಲ. ಪಾಠಶಾಲೆಯಲ್ಲಿ ತರ್ಕವ್ಯಾಕರಣಗಳನ್ನು ಓದಿ, ಮೂವತ್ತು ವರ್ಷಕ್ಕೂ ಮಿಗಿಲಾಗಿ ಮಕ್ಕಳಿಂದ ಶಬ್ದರೂಪಗಳನ್ನು ಒಪ್ಪಿಸಿಕೊಂಡು, ಈಗ ವಿಶ್ರಾಂತನಾಗಿರುವವನು ನಾನು. ಇಂಥವನು ಅಮೆರಿಕ ದೇಶದ ವಿದ್ಯುತ್ ಗಿಟಾರೊಂದನ್ನು ಕುರಿತು ಬರೆಯಹೊರಟರೆ ವಾಚಕಮಹಾಶಯರು ನಗಬಹುದು. ನಗಲಿ. ಆ ವಾದ್ಯದ ದೆಸೆಯಿಂದ ನನ್ನದೊಂದು ಹಳೆಯ ತಪ್ಪು ನನ್ನ ಕಣ್ಣಿಗೆ ಬಿದ್ದಿತು. ಅದನ್ನು ಹೇಳಿಕೊಳ್ಳದೆ ಇರಲಾರೆ.

ರಜೆಗೆ ಬಂದ ನನ್ನ ಮಗಳ ಮಗನು ಗಿಟಾರೊಂದನ್ನು ತಂದಿದ್ದನು. ಅದನ್ನು ಕೈಗೆತ್ತಿಕೊಂಡೆನು, ನಾಲ್ಕು ಕಿಲೋ ಭಾರವಿದ್ದೀತು. ಬೆರಳಿನಿಂದ ತಟ್ಟಿದೆನು, ಒಳಗೆ ಪೊಳ್ಳೇ ಇಲ್ಲ. ವೀಣೆಗಾದರೆ ಹಲಸಿನ ಮರವನ್ನು ತೋಡಿ ಕೊಡವನ್ನು ಮಾಡುವರು. ಮೃದಂಗದ ಒಳಗೂ ಬಯಲೇ. ಕೊಳಲಿನ ಮಾತನ್ನು ಹೇಳಲೇಬೇಕಾಗಿಲ್ಲ. ಶಬ್ದವು ಆಕಾಶದ ಗುಣವೆಂದು ಓದಿದ ನನಗೆ, ಎಳ್ಳಷ್ಟೂ ಅವಕಾಶವಿಲ್ಲದ ಈ ಗಟ್ಟಿ ಮರದಿಂದ ನಾದವೆಂತು ಹೊರಟೀತು ಎನಿಸಿತು.

“ಏನಪ್ಪ, ಮಣೆಗೆ ತಂತಿ ಕಟ್ಟಿಕೊಂಡು ಬಂದಿದ್ದೀಯೆ?” ಎಂದೆನು.

“ತಾತ, ಇದು ಲೆಸ್ ಪಾಲ್ ಮಾದರಿಯ ನಕಲು. 1959ರ ಅಸಲು ಬೇಕೆಂದರೆ ಈ ಮನೆಯನ್ನು ಮಾರಿದರೂ ಸಾಲದು” ಎಂದನು.

ಮೂರನೆಯ ದಿನ ಆ ವಾದ್ಯವು ಮೂಕವಾಯಿತು. ನಮ್ಮ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿರುವುದು ಒಂದೇ. ಅದನ್ನು ಇಟ್ಟಿರುವವನು ನನ್ನ ಹಳೆಯ ಶಿಷ್ಯ. ರಾಮಶಬ್ದದ ಏಳು ವಿಭಕ್ತಿಗಳು ಅವನ ನಾಲಗೆಗೆ ಎಂದೂ ಹತ್ತಲಿಲ್ಲ. ಒಂದು ದಿನ ತಾಳ್ಮೆಗೆಟ್ಟು, ತರಗತಿಯ ಎಲ್ಲರೆದುರಿಗೆ, “ನೀನೊಂದು ಕೊರಡು, ನಿನಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ” ಎಂದುಬಿಟ್ಟಿದ್ದೆನು. ಹುಡುಗರು ನಕ್ಕರು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಆ ಅಂಗಡಿಯ ಮುಂದೆ ಹಾದುಹೋಗುವಾಗ ನಾನು ಹೆಜ್ಜೆಯನ್ನು ಚುರುಕುಮಾಡುತ್ತಿದ್ದುದು ಅಂದಿನಿಂದ ಬಂದ ಅಭ್ಯಾಸ.

“ಬನ್ನಿ ಮೇಷ್ಟ್ರೇ” ಎಂದು ಎದ್ದು ಕುರ್ಚಿಯನ್ನು ಒರಸಿ ಕೊಟ್ಟನು. ಆರ್ಕೆಸ್ಟ್ರಾದವರ ಗಿಟಾರುಗಳನ್ನು ಸರಿಮಾಡಿ ಅವನಿಗೆ ರೂಢಿಯಂತೆ. ತಿರುಪುಗಳನ್ನು ಬಿಚ್ಚಿ, ತಂತಿಗಳ ಕೆಳಗೆ ಅಡಗಿದ್ದ ಎರಡು ಸುರುಳಿಗಳನ್ನು ತೋರಿಸಿದನು. ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುವುದು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಯಂತ್ರವು ಅದನ್ನು ಹೆಚ್ಚಿಸಿ ಧ್ವನಿಯಾಗಿ ಹೊರಡಿಸುವುದು. ಪೊಳ್ಳು ಮರವಾದರೆ ಆ ಧ್ವನಿಗೆ ತಾನೇ ಅದಿರಿ ಊಳಿಡುವುದು. ಗಟ್ಟಿ ಮರವು ಅಲುಗದೆ ನಿಲ್ಲುವುದರಿಂದ ತಂತಿಯ ನಾದವು ಬೇಗ ಆರಿಹೋಗುವುದಿಲ್ಲ. ಒಂದೇ ಸುರುಳಿಯಿದ್ದರೆ ದೀಪದ ವಿದ್ಯುತ್ತಿನ ಗುಂಯ್‌ಗಾರವೂ ಸೇರಿಕೊಳ್ಳುವುದು. 1955ರಲ್ಲಿ ಸೆತ್ ಲವರ್ ಎಂಬ ಶಿಲ್ಪಿಯು ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಗುಂಯ್‌ಗಾರವು ತನ್ನನ್ನು ತಾನೇ ಕಳೆದುಕೊಳ್ಳುವಂತೆಯೂ ತಂತಿಯ ನಾದವು ಮಾತ್ರ ಕೂಡಿಕೊಳ್ಳುವಂತೆಯೂ ಮಾಡಿದನಂತೆ.

ಕಾವಿಗೆ ಇಟ್ಟ ಸಾಲ್ಡರು ಕರಗುತ್ತಿರುವಾಗ ಶಿಷ್ಯನು ಆ ವಾದ್ಯದ ಚರಿತ್ರೆಯನ್ನೂ ಹೇಳಿದನು. ಮನೆಗೆ ಬಂದು ಗ್ರಂಥಗಳಲ್ಲಿ ತಾಳೆನೋಡಿದೆನು, ಸರಿಯಾಗಿಯೇ ಇದ್ದಿತು.

ಲೆಸ್ ಪಾಲ್ ಎಂಬವನು 1915ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ಹುಟ್ಟಿದ ವಾದಕ. 1940ರ ಸುಮಾರಿಗೆ, ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ಭಾನುವಾರದ ಬಿಡುವಿನ ಹೊತ್ತು ಕುಳಿತು, ನಾಲ್ಕಂಗುಲ ಚೌಕದ ಪೈನ್ ಮರದ ತೊಲೆಗೆ ತಂತಿಯನ್ನು ಬಿಗಿದನು. ನೋಡುವವರಿಗೆ ಗಿಟಾರಿನಂತೆ ತೋರಲೆಂದು ಹಳೆಯ ಗಿಟಾರೊಂದರ ಎರಡು ಪಕ್ಕಗಳನ್ನು ಅದಕ್ಕೆ ಅಂಟಿಸಿದನು. ಗಿಬ್ಸನ್ ಕಂಪನಿಯವರಿಗೆ ತೋರಿಸಿದಾಗ, ಪೊರಕೆಯ ಕೋಲೆಂದು ನಕ್ಕರೆಂಬುದನ್ನು ಅವನೇ ಹೇಳುತ್ತಿದ್ದನು. 1948ರಲ್ಲಿ ಮೋಟಾರು ಅಪಘಾತದಲ್ಲಿ ಅವನ ಬಲಮೊಳಕೈ ನುಚ್ಚಾಯಿತು. ಇನ್ನು ಮಡಿಸಲಾಗದ ಆ ಕೈಯನ್ನು ಗಿಟಾರು ನುಡಿಸುವ ಕೋನದಲ್ಲಿಯೇ ಕೂಡಿಸಿರೆಂದು ವೈದ್ಯರನ್ನು ಬೇಡಿಕೊಂಡನು.

1950ರಲ್ಲಿ ಲಿಯೋ ಫೆಂಡರನು ಗಟ್ಟಿಮರದ ಗಿಟಾರನ್ನು ಮಾರುಕಟ್ಟೆಗೆ ತಂದಮೇಲೆ ಗಿಬ್ಸನ್ನಿನವರ ಕಣ್ಣು ತೆರೆಯಿತು. ಮಿಷಿಗನ್ ಪ್ರಾಂತದ ಕಾಲಮಜೂ ಊರಿನಲ್ಲಿ, ಟೆಡ್ ಮೆಕಾರ್ಟಿಯ ಮೇಲ್ವಿಚಾರಣೆಯಲ್ಲಿ ರೂಪುಗೊಂಡ ವಾದ್ಯವು ಪಾಲನ ಹೆಸರನ್ನು ಹೊತ್ತು 1952ರಲ್ಲಿ ಹೊರಬಂದಿತು. ಮಹಾಗನಿಯ ಒಡಲು, ಮೇಲೆ ಮೇಪಲ್ ಮರದ ಹೊದಿಕೆ, ಅದಕ್ಕೆ ಹೊನ್ನಿನ ಬಣ್ಣ. ಅನಂತರ, ಒಂದೇ ಪ್ರಕೃತಿಗೆ ಬೇರೆ ಬೇರೆ ಪ್ರತ್ಯಯಗಳು ಹತ್ತಿದಂತೆ, ರೂಪಭೇದಗಳು ಹುಟ್ಟಿದವು. 1954ರಲ್ಲಿ ಬಂದ ಕಸ್ಟಮ್ ಎಂಬುದು ಹೊದಿಕೆಯಿಲ್ಲದ ಮಹಾಗನಿ, ಕಪ್ಪು ಬಣ್ಣ, ಚಿನ್ನದ ಲೇಪದ ಲೋಹಭಾಗಗಳು. ಅದೇ ವರ್ಷದ ಜೂನಿಯರ್ ಕಲಿಯುವ ಹುಡುಗರಿಗಾಗಿ ಮಾಡಿದ ಅಗ್ಗದ ಹಲಗೆ, ಅದಕ್ಕೊಂದೇ ಸುರುಳಿ. ಅದಕ್ಕೆ ತಿಳಿಹಳದಿಯನ್ನು ಬಳಿದರೆ ಟಿವಿ. ಎರಡು ಸುರುಳಿಗಳನ್ನಿಟ್ಟರೆ 1955ರ ಸ್ಪೆಷಲ್. 1957ರಲ್ಲಿ ಮೇಲ್ತರದವುಗಳಿಗೆ ಲವರನ ಜೋಡಿಸುರುಳಿಗಳು ಬಂದವು. 1958ರಲ್ಲಿ ಹೊನ್ನಿನ ಬಣ್ಣವು ಹೋಗಿ, ಮರದ ಅಲೆಗಳು ತೋರುವಂತೆ ಸಂಜೆಗೆಂಪಿನ ಬಣ್ಣವಾಯಿತು.

ಆದರೂ ಮಾರಾಟವು ಇಳಿಯಿತು. 1960 ಕಳೆಯುತ್ತಿದ್ದಂತೆ ಕಂಪನಿಯವರು ಆ ಆಕಾರವನ್ನೇ ನಿಲ್ಲಿಸಿ, ಎರಡು ಕೊಂಬುಗಳುಳ್ಳ ತೆಳುವಾದ ಬೇರೊಂದನ್ನು ಮಾಡಿದರು; ಎಸ್‌ಜಿ ಎಂದು ಈಗ ಪ್ರಸಿದ್ಧವಾಗಿರುವುದು ಅದೇ. ಸಂಜೆಗೆಂಪಿನವು ಹುಟ್ಟಿದ್ದು ಸುಮಾರು ಒಂದೂವರೆ ಸಾವಿರ ಮಾತ್ರ. 1966ರಲ್ಲಿ ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್ ಎಂಬ ತರುಣನು ಅಂತಹ ಹಳೆಯದೊಂದನ್ನು ಧ್ವನಿವರ್ಧಕಕ್ಕೆ ಜೋಡಿಸಿ, ಯಂತ್ರವು ತಡೆಯಲಾರದಷ್ಟು ಗಟ್ಟಿಯಾಗಿ ನುಡಿಸಿದ ಮುದ್ರಿಕೆ ಹೊರಬಂದಿತು. ಕೇಳಿದವರೆಲ್ಲರೂ ಆ ವಾದ್ಯವನ್ನು ಹುಡುಕತೊಡಗಿದರು. 1968ರಲ್ಲಿ ಕಂಪನಿಯವರು ಮತ್ತೆ ಆ ಮಾದರಿಯನ್ನು ಮಾಡಬೇಕಾಯಿತು. ಯಾರಿಗೂ ಬೇಡವಾಗಿದ್ದ ಆ ಮೊದಲಿನವುಗಳು ಇಂದು ಲಕ್ಷಗಟ್ಟಲೆ ಡಾಲರಿಗೆ ಮಾರುವುವು. ಅವುಗಳ ಮರ ಬದಲಾಗಿರಲಿಲ್ಲ, ಸುರುಳಿ ಬದಲಾಗಿರಲಿಲ್ಲ. ಬದಲಾದುದು ಕೇಳುವವರ ಕಿವಿ.

ಶಿಷ್ಯನು ತಂತಿಯನ್ನು ಮೀಟಿ ನೋಡಿದನು. ನಾದವು ತುಂಬಿ, ಬಹಳ ಹೊತ್ತು ನಿಂತಿತು. “ಪಾಲ್ ತನ್ನ ಆ ಮೊದಲಿನ ತೊಲೆಗೆ ಏನು ಹೆಸರಿಟ್ಟಿದ್ದ ಗೊತ್ತೇ ಮೇಷ್ಟ್ರೇ? ಕೊರಡು ಅಂತ” ಎಂದು ನಕ್ಕನು. ಆ ನಗುವಿನಲ್ಲಿ ಕಹಿಯಿರಲಿಲ್ಲ. ನನ್ನ ಕೊರಳು ಕಟ್ಟಿತು.

ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಹೊಸ್ತಿಲ ಬಳಿ ನಿಂತು, “ಅಪ್ಪಾ, ಹಿಂದೆ ನಿನಗೊಂದು ಮಾತು ಅಂದಿದ್ದೆ. ಅನ್ನಬಾರದಾಗಿತ್ತು” ಎಂದೆನು.

“ನೆನಪಿದೆ ಮೇಷ್ಟ್ರೇ” ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ತಂತಿ ಬಿಗಿಯುವಾಗ ಅವಸರ ಬೇಡ ಅಂತ ಮೊಮ್ಮಗನಿಗೆ ಹೇಳಿ” ಎಂದು ಕೆಲಸಕ್ಕೆ ಕುಳಿತನು.

ಆ ಹುಡುಗನು ಅಂದೂ ಮೂಕನಾಗಿರಲಿಲ್ಲ. ಅವನ ಕಂಪನವನ್ನು ಹಿಡಿಯಬಲ್ಲ ಸುರುಳಿಯು ನನ್ನಲ್ಲಿರಲಿಲ್ಲ. ಏಳು ವಿಭಕ್ತಿಗಳನ್ನು ಬಲ್ಲ ನನಗೆ ಇಷ್ಟು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಈಗ ಆ ಅಂಗಡಿಯ ಮುಂದೆ ನಾನು ಹೆಜ್ಜೆಯನ್ನು ಚುರುಕುಮಾಡುವುದಿಲ್ಲ.